ಕೈತಪ್ಪಿದ ಇಪ್ಪತ್ತನಾಲ್ಕು ಮಂದಿ

"ಸಾರ್, ಉಳಿದ ಇಪ್ಪತ್ನಾಲ್ಕು ಜನ ಎಲ್ಲಿ ಹೋದ್ರು?"

ಕಡೆಯ ಬೆಂಚಿನಿಂದ ಪ್ರಶ್ನೆ ಬಂದಾಗ ಮೇಷ್ಟ್ರು ಕರಿಹಲಗೆಯ ಮೇಲೆ 'ಶೇಕಡಾ ತೊಂಬತ್ತು' ಎಂದು ಬರೆದು ಅದರ ಕೆಳಗೆ ಎರಡನೇ ಗೆರೆ ಎಳೆಯುತ್ತಿದ್ದರು. ಸಂಶೋಧನಾ ಲೇಖನವನ್ನು ನಂಬುವ ಮೊದಲು ಹೇಗೆ ತಡಕಿ ನೋಡಬೇಕು ಎಂದು ವೈದ್ಯಕೀಯ ವಿದ್ಯಾರ್ಥಿಗಳಿಗೆ ಕಲಿಸುವುದು ಅವರ ಕೆಲಸ. ಇಡೀ ವರ್ಷ ಊರವರ ಲೇಖನಗಳನ್ನೆಲ್ಲ ಕೋಳಿಪುಕ್ಕ ಕಿತ್ತ ಹಾಗೆ ಕಿತ್ತು ಹಾಕಿದ್ದರು. ಮಾತಿಗೊಮ್ಮೆ "ಪುರಾವೆ ಎಲ್ಲಿ?" ಅನ್ನುತ್ತಿದ್ದುದರಿಂದ ಹುಡುಗರು ಅವರಿಗೆ ಪುರಾವೆ ಮೇಷ್ಟ್ರು ಎಂದೇ ಹೆಸರಿಟ್ಟಿದ್ದರು. ಇವತ್ತು ಮಾತ್ರ ತಮ್ಮದೇ ಲೇಖನ ಹಂಚಿದ್ದರು: ಮಂಡಿನೋವಿಗೆ ಹೊಸ ಮಾತ್ರೆ. ನಾಳೆ ಬೆಳಗ್ಗೆ ಹತ್ತೂವರೆಗೆ ಬಡ್ತಿ ಸಮಿತಿಯ ಮುಂದೆ ಓದಬೇಕಾದದ್ದೂ ಅದೇ. ಹನ್ನೊಂದು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಸವೆದ ಮನುಷ್ಯ. ಈ ಸಲ ತಪ್ಪಿದರೆ ಅದೇ ಕುರ್ಚಿಯಿಂದ ನಿವೃತ್ತಿ.

"ಯಾವ ಇಪ್ಪತ್ನಾಲ್ಕು?"

ಎದ್ದು ನಿಂತವಳು ಗೆಳತಿಯರು ಗುಂಡುಸೂಜಿ ಎಂದು ಕರೆಯುವ ಹುಡುಗಿ. "ಮಾತ್ರೆ ಕೊಟ್ಟಿದ್ದು ಅರವತ್ನಾಲ್ಕು ಜನಕ್ಕೆ. ಎರಡು ತಿಂಗಳಾದ ಮೇಲೆ ತೋರಿಸ್ಕೊಳ್ಳೋಕೆ ಬಂದೋರು ನಲವತ್ತು. ಅದರಲ್ಲಿ ಮೂವತ್ತಾರು ಜನಕ್ಕೆ ನೋವು ಹೋಗಿದೆ, ಸರಿ. ಬರದೇ ಇದ್ದೋರ ಕಥೆ?"

"ಅವರು ಕೈತಪ್ಪಿದವರು ಕಣಮ್ಮ. ಎಲ್ಲಾ ಸಂಶೋಧನೇಲೂ ನಾಲ್ಕು ಜನ ಕೈತಪ್ತಾರೆ."

"ಹೋದ ವಾರ ಯಾರೋ ಹನ್ನೊಂದು ಜನರನ್ನ ಕಳ್ಕೊಂಡಿದ್ದಕ್ಕೆ 'ಇವನೇನು ಡಾಕ್ಟರಾ? ದನ ಕಾಯೋನಾದ್ರೂ ಸಂಜೆ ತಲೆ ಎಣಿಸ್ತಾನೆ' ಅಂದಿದ್ರಿ ಸಾರ್."

ತರಗತಿ ಗೊಳ್ಳೆಂದಿತು. ಮೇಷ್ಟ್ರ ಕತ್ತು ಕೆಂಪಾಯಿತು. ಚೀಲದಿಂದ ಒಂದು ಪಟ್ಟಿ ಎಳೆದು ಮೇಜಿನ ಮೇಲೆ ಬಡಿದರು. ರೋಗಿಗಳನ್ನು ನೋಡಿ ಅದನ್ನು ಬರೆದಿಟ್ಟದ್ದು ಅವರ ಕೈಕೆಳಗಿನ ಕಿರಿಯ ಡಾಕ್ಟರು. ಮೇಷ್ಟ್ರು ಅದನ್ನು ಬಿಚ್ಚಿ ನೋಡಿದವರೇ ಅಲ್ಲ.

"ತಗೋ. ಬರದೇ ಇದ್ದೋರ ಫೋನ್ ನಂಬರು. ಒಬ್ಬರಿಗೆ ಮಾಡು, ಸ್ಪೀಕರ್ ಹಾಕು, ಎಲ್ಲರೂ ಕೇಳ್ಲಿ. ನೋವು ಹೋಗಿ ಊರೂರು ಸುತ್ತುತಾ ಇರ್ತಾರೆ. ನಿನ್ನ ಹತ್ರ ಬಂದು ವರದಿ ಒಪ್ಪಿಸೋಕೆ ಪುರುಸೊತ್ತಿರಲ್ಲ, ಅಷ್ಟೆ."

ಗುಂಡುಸೂಜಿ ಕಣ್ಣು ಮುಚ್ಚಿ ಪಟ್ಟಿಯ ಮೇಲೆ ಬೆರಳಿಟ್ಟಳು. ಬೆರಳು ಬಿದ್ದ ನಂಬರಿಗೆ ಫೋನ್ ಮಾಡಿದಳು.

"ಹಲೋ, ಯಾರು?" ಮುದುಕಿಯೊಬ್ಬಳ ದನಿ. ಮೇಷ್ಟ್ರ ಕೈಯ ಸೀಮೆಸುಣ್ಣ ಗಾಳಿಯಲ್ಲೇ ನಿಂತಿತು.

"ಅಜ್ಜಿ, ಆಸ್ಪತ್ರೆಯಿಂದ. ನಾವು ಡಾಕ್ಟರ್ ಓದ್ತಿರೋರು. ಇಡೀ ಕ್ಲಾಸೇ ಕೇಳಿಸ್ಕೊಳ್ತಿದೆ, ಪರವಾಗಿಲ್ವಾ?"

"ಕೇಳ್ಲಿ ಬಿಡಮ್ಮ, ಕಲಿಯೋ ಮಕ್ಕಳು."

"ಮಂಡಿನೋವಿಗೆ ಮಾತ್ರೆ ತಗೊಂಡಿದ್ರಲ್ಲ, ಆಮೇಲೆ ತೋರಿಸೋಕೆ ಯಾಕೆ ಬರ್ಲಿಲ್ಲ?"

"ಯಾರು ಹೇಳಿದ್ದು ಬರ್ಲಿಲ್ಲ ಅಂತ? ಬಂದಿದ್ದೆ! ನೋಡೋ ಕೋಣೇನ ಮೂರನೇ ಮಹಡೀಲಿ ಇಟ್ಟಿದ್ದಾರೆ ಪುಣ್ಯಾತ್ಮರು. ಲಿಫ್ಟ್ ಕೆಟ್ಟು ಯಾವ ಕಾಲ ಆಯ್ತೋ. ಎಂಟು ಮೆಟ್ಟಿಲು ಹತ್ತಿ ಕೂತೆ, ಹಾಗೇ ಇಳಿದು ಮನೆಗೆ ಬಂದೆ. ಇನ್ನೂ ನಾಲ್ಕೈದು ಜನ ಅಲ್ಲೇ ಕೂತು ಮಂಡಿ ನೀವ್ಕೊಳ್ತಿದ್ರು. ಅಲ್ಲಮ್ಮಾ, ಮೂರು ಮಹಡಿ ಹತ್ತೋ ಮಂಡಿ ಇದ್ದಿದ್ರೆ ನಾನ್ಯಾಕೆ ಮಾತ್ರೆ ನುಂಗ್ತಿದ್ದೆ?"

ಮುಂದಿನ ಬೆಂಚಿನಲ್ಲಿ ಯಾರೋ "ಅಯ್ಯೋ, ಹತ್ತೋಕಾದೋರನ್ನ ಮಾತ್ರ ಎಣಿಸಿದ್ದಾರೆ" ಎಂದು ಉಸುರಿದರು.

"ನೋವು ಹೋಗಿಲ್ಲ ಅಂತ ಡಾಕ್ಟ್ರಿಗೆ ಫೋನಾದ್ರೂ ಮಾಡಬಹುದಿತ್ತಲ್ಲ ಅಜ್ಜಿ?"

"ಫೋನ್ ಯಾಕೆ, ಒಂದೇ ಮನೇಲಿದ್ದೀವಿ! ಆ ಡಾಕ್ಟ್ರು ನನ್ನ ಅಳಿಯ. ದಿನಾ ಊಟಕ್ಕೆ ಕೂತಾಗ 'ಅತ್ತೆ, ಮಂಡಿ ಹೇಗಿದೆ?' ಅಂತಾರೆ. 'ಬಂಗಾರದ ಹಾಗಿದೆ' ಅಂತೀನಿ. ಬಡ್ತಿ ಸಿಗುತ್ತೆ ಅಂತ ಎಳೆ ಮಗು ಥರ ಕುಣೀತಿದ್ದಾರೆ. ಅವರ ಕಿವಿಗೆ ಮಾತ್ರ ಹಾಕ್ಬೇಡಿ ಕಣ್ರಮ್ಮ, ಪಾಪ."

ಫೋನು ಕಟ್ಟಾಯಿತು. ಅರವತ್ತು ಜನರ ತರಗತಿಗೆ ಇದ್ದಕ್ಕಿದ್ದ ಹಾಗೆ ಫ್ಯಾನಿನ ಮೇಲೆ ಎಲ್ಲಿಲ್ಲದ ಆಸಕ್ತಿ ಹುಟ್ಟಿತು. ಒಬ್ಬರೂ ಕತ್ತು ಕೆಳಗಿಳಿಸಲಿಲ್ಲ. ಮೇಷ್ಟ್ರು ಮೇಜು ಹಿಡಿದುಕೊಂಡು ನಿಂತಿದ್ದರು. ಗುಣವಾದ ಮೂವತ್ತಾರರಲ್ಲಿ ಅತ್ತೆಯೂ ಒಬ್ಬರು ಎಂದೇ ಅವರು ಇಷ್ಟು ದಿನ ನಂಬಿದ್ದರು.

"ಸಾರ್..." ಗುಂಡುಸೂಜಿಯ ದನಿಯಲ್ಲಿ ಈಗ ಚುಚ್ಚು ಇರಲಿಲ್ಲ. "ಒಬ್ಬರ ಮಾತು ಪುರಾವೆ ಆಗಲ್ಲ ಅಂತ ನೀವೇ ಹೇಳ್ಕೊಟ್ಟಿದ್ದು."

ಹುಡುಗಿ ತಪ್ಪಿಸಿಕೊಳ್ಳಲು ದಾರಿ ಬಿಟ್ಟುಕೊಟ್ಟಿದ್ದಳು. ಮೇಷ್ಟ್ರು ಆ ದಾರಿಯನ್ನು ಸ್ವಲ್ಪ ಹೊತ್ತು ಆಸೆಯಿಂದಲೇ ನೋಡಿದರು. ಆಮೇಲೆ ಅಂಗೈಯಿಂದ ಹಲಗೆಯ ಮೇಲಿನ ತೊಂಬತ್ತನ್ನು ಒರೆಸಿದರು.

"ಆಗಲ್ಲ, ನಿಜ," ಅಂದರು. "ಇನ್ನೂ ಇಪ್ಪತ್ಮೂರು ಜನ ಇದ್ದಾರೆ. ಮಾಡು ಫೋನು."

ಮುಂದಿನ ಮನೆಯಲ್ಲಿ ಫೋನು ತುಂಬ ಹೊತ್ತು ಬಡಿದುಕೊಂಡಿತು. ತರಗತಿಯಲ್ಲಿ ಯಾರಿಗೂ ಅವಸರವಿರಲಿಲ್ಲ. ಮಂಡಿನೋವಿನವರು, ಎದ್ದು ಬರಬೇಕಲ್ಲ.