ಹೆಬ್ಬೆರಳಿನಷ್ಟು ಜಾಗ

ಮಗಳು ಶಿಫಾ ಹಾಕಿಕೊಂಡ ಹೊಸ ಸ್ಕೇಟಿಂಗ್ ಶೂವಿನ ತುದಿಯನ್ನು ಮುಜಾಫರನ ಹೆಬ್ಬೆರಳು ತಾನಾಗಿಯೇ ಒತ್ತಿ ನೋಡಿತು. ಎಳ್ಳಷ್ಟೂ ಸಡಿಲವಿಲ್ಲ. "ಫ್ರೀಸ್ಟೈಲ್ ಮಾಡೋರಿಗೆ ಹಿಂಗೇ ಬಿಗಿಯಾಗಿರ್ಬೇಕು ಕಣ್ರೀ, ನೆಗೆದು ಇಳಿಯೋ ಕಾಲು," ಎಂದ ಅಂಗಡಿಯವನು.

ಅದು ಮುಜಾಫರನಿಗೆ ಈಗ ಗೊತ್ತು. ಅವನು ದರ್ಜಿ, ಬೆಳೆಯುವ ಮಕ್ಕಳ ಬಟ್ಟೆಯೆಂದರೆ ಒಳಗೆ ನಾಲ್ಕು ಬೆರಳು ಮಡಿಚಿ ಹೊಲಿಯುವ ಕೈ ಅವನದು. ಹಳೆಯ ಸ್ಕೇಟ್ಸನ್ನೂ ಹಾಗೆಯೇ ಎರಡು ಸೈಜು ದೊಡ್ಡದು ತಂದು, ತುದಿಗೆ ಬಟ್ಟೆ ಚೂರು ತುರುಕಿ ಕೊಟ್ಟಿದ್ದ. ಬೇಸಿಗೆಯಲ್ಲಿ ತಿಪಟೂರಿನ ಮೈದಾನದಲ್ಲಿ ಶಿಫಾ ನೆಗೆದು ಇಳಿದಾಗ ಆ ಸಡಿಲ ಶೂವಿನೊಳಗೇ ಕಾಲು ತಿರುಚಿ ಮೂಳೆ ಮುರಿಯಿತು. ನೆಲ ಸರಿಯಿರಲಿಲ್ಲ ಎಂದು ಮನೆಗೆ ಬಂದವರಿಗೆಲ್ಲ ಅವನು ಹೇಳಿದ. ಶಿಫಾ ಪಕ್ಕದಲ್ಲೇ ಮಲಗಿ ಕೇಳಿಸಿಕೊಂಡಳು.

"ಇದೇ ಇರ್ಲಿ. ಈ ಸಲ ದೊಡ್ದು ಬ್ಯಾಡ ಕಣಮ್ಮ," ಎಂದ ಮುಜಾಫರ್. ಶಿಫಾ ಎದ್ದು ನಿಲ್ಲಲಿಲ್ಲ. ಲೇಸು ಬಿಚ್ಚಿ, ಶೂ ಕಳಚಿ, ಪಕ್ಕದಲ್ಲಿದ್ದ ತಂಗಿ ಕುಬ್ರಾಳನ್ನು ಮುಂದೆ ಕೂರಿಸಿದಳು. "ಇವಳ ಕಾಲಿಗೆ ತೋರ್ಸಿ ಅಣ್ಣ."

"ಮತ್ತೆ ನಿಂಗೆ?" ಎಂದ ಮುಜಾಫರ್.

"ನಾನಿನ್ನು ಆಡಲ್ಲ ಅಬ್ಬಾ. ಭಯ ಆಗ್ತೈತೆ."

ಅಂಗಡಿಯವನು ಪುಟ್ಟ ಜೋಡಿಯೊಂದನ್ನು ತಂದು ಕುಬ್ರಾಳ ಕಾಲಿಗೆ ತೊಡಿಸಿದ. ಮುಜಾಫರ್ ಬಗ್ಗಿದ. ಅವನ ಹೆಬ್ಬೆರಳು ಮತ್ತೆ ಶೂವಿನ ತುದಿಯತ್ತ ಹೋಯಿತು. ಶಿಫಾ ಆ ಬೆರಳನ್ನು ಅಲ್ಲೇ ಹಿಡಿದುಕೊಂಡಳು.

"ಇವಳಿಗಾದ್ರೂ ಸರಿಯಾದ ಅಳತೇದು ಕೊಡ್ಸು ಅಬ್ಬಾ."