ಮೂಲೆಯ ಸಂತನ ಹಬ್ಬ

ಒಂದಾನೊಂದು ಊರಿನಲ್ಲಿ ಒಬ್ಬ ಬಡಗಿ, ಅವನಿಗೊಬ್ಬಳು ಹೆಂಡತಿ, ಇಬ್ಬರಿಗೂ ಸೇರಿ ಮುಚ್ಚಲಾಗದ ಒಂದು ಬಾಗಿಲು. ಅಡುಗೆಮನೆಯದು. ಕೆಳಗಿನ ಕೀಲು ಕಿತ್ತುಬಂದು, ಹಿಟ್ಟಿನ ಡಬ್ಬ ಒತ್ತಿಟ್ಟರೆ ಮಾತ್ರ ನಿಲ್ಲುತ್ತಿತ್ತು. ಚರ್ಚಿನ ಬೆಂಚುಗಳನ್ನೆಲ್ಲ ಗಟ್ಟಿ ಮಾಡಿಕೊಟ್ಟ ಬಡಗಿ ಮನೆಯ ಬಾಗಿಲಿಗೆ ಕೊಟ್ಟಿದ್ದು ಬರೀ ಮಾತು. ಚರ್ಚಿನ ಮೂಲೆಯಲ್ಲಿ ಮೂಗು ಮುಕ್ಕಾದ ಸಂತನೊಬ್ಬನ ಪ್ರತಿಮೆಯಿತ್ತು. ಅವನ ಮುಂದೆ ಮೊಂಬತ್ತಿ ಹಚ್ಚಿ, ಹೆಂಡತಿಗೆ ಕೇಳುವ ಹಾಗೆ, "ನಿನ್ನ ಹಬ್ಬದ ದಿನ ಸರಿಮಾಡ್ತೀನಪ್ಪ" ಎಂದಿದ್ದ. ಯಾವ ವರ್ಷದ ಹಬ್ಬ ಎಂದು ಹೇಳಿರಲಿಲ್ಲ.

ಹೀಗೆ ಆರು ಹಬ್ಬ ಹೋದವು. ಏಳನೆಯದಕ್ಕೆ ಹೆಂಡತಿಯೇ ಹೊಸ ಕೀಲು, ಸ್ಕ್ರೂಗಳನ್ನು ತಂದಿಟ್ಟು ಕಾದಳು. ಅಷ್ಟರಲ್ಲಿ ಚರ್ಚಿಗೆ ಹೊಸ ಕ್ಯಾಲೆಂಡರು ಬಂತು. ಸಣ್ಣಪುಟ್ಟ ಸಂತರ ಹಬ್ಬಗಳನ್ನು ಚರ್ಚಿನ ದೊಡ್ಡವರು ಕೈಬಿಟ್ಟಿದ್ದರು. ಮೂಲೆಯ ಸಂತನ ಹಬ್ಬದ ದಿನ ಪಾದ್ರಿ ಹುತಾತ್ಮ ಸಂತರ ಹಬ್ಬಕ್ಕೆ ತೊಡುವ ಕೆಂಪು ವಸ್ತ್ರ ಬಿಟ್ಟು, ಮಾಮೂಲಿ ದಿನದ ಹಸಿರು ತೊಟ್ಟು ಪೂಜೆ ಮುಗಿಸಿದರು. ಸಂತನ ಹೆಸರೇ ಬರಲಿಲ್ಲ. ಹೂ ತಂದಿದ್ದ ಮುದುಕಿಯರು ಅದನ್ನು ಹಾಗೇ ಹಿಡಿದುಕೊಂಡು ಮನೆಗೆ ಹೋದರು.

ಬಡಗಿ ಮಾತ್ರ ಸಿಳ್ಳೆ ಹಾಕುತ್ತ ಬಂದ. "ನಾನೇನು ಮಾಡ್ಲಿ ಹೇಳು? ಮಾತಿಗೆ ತಪ್ಪಿದ್ದು ನಾನಲ್ಲ, ಕ್ಯಾಲೆಂಡರು."

ಹೆಂಡತಿ ಕೀಲು, ಸ್ಕ್ರೂಗಳನ್ನು ಎತ್ತಿಟ್ಟಳು. ಪಾದ್ರಿಯ ವಸ್ತ್ರಗಳಿಗೆಲ್ಲ ಇಸ್ತ್ರಿ ಹಾಕುವವಳು ಅವಳೇ. ಯಾವ ಬಣ್ಣ ಎಂಥ ದಿನಕ್ಕೆಂಬುದು ಬಾಯಿಪಾಠ. ಮರುದಿನ ಅಡುಗೆಮನೆಯ ಗೋಡೆಯಲ್ಲಿ ಕೈಬರಹದ ಕ್ಯಾಲೆಂಡರೊಂದು ತೂಗುತ್ತಿತ್ತು. ಅದರಲ್ಲಿ ಬಡಗಿಯ ಹುಟ್ಟುಹಬ್ಬವಿರಲಿಲ್ಲ. ಭಾನುವಾರದ ಮಾಂಸದೂಟವೂ ಇರಲಿಲ್ಲ. ಅಂದಿನಿಂದ ವರ್ಷದ ಕೊನೆಯವರೆಗೆ ಚೌಕ ಚೌಕಕ್ಕೂ ನೇರಳೆ ಬಣ್ಣ ಬಳಿದಿತ್ತು.

"ನೇರಳೆ ಅಂದ್ರೆ?"

"ತಪಸ್ಸಿನ ಕಾಲ." ಅವನ ಮುಂದೆ ಬೇಯಿಸಿದ ಎಲೆಕೋಸು ಇಟ್ಟಳು. "ಉಪವಾಸ, ಪಶ್ಚಾತ್ತಾಪ. ನಾನೇನು ಮಾಡ್ಲಿ ರೀ, ಕ್ಯಾಲೆಂಡರು."

ನಾಲ್ಕನೆಯ ದಿನದ ಎಲೆಕೋಸು ನುಂಗಿ ಬಡಗಿ ಪಾದ್ರಿಯ ಬಳಿಗೆ ಓಡಿದ. ಹುಟ್ಟುಹಬ್ಬ ಹೋದದ್ದನ್ನು, ಮಾಂಸ ಹೋದದ್ದನ್ನು ಹೇಳಿಕೊಂಡು, ನೀವಾದರೂ ಅವಳಿಗೆ ಬುದ್ಧಿ ಹೇಳಿ ಎಂದು ಗೋಗರೆದ. ಪಾದ್ರಿ ಅವಳೇ ಇಸ್ತ್ರಿ ಹಾಕಿದ ತಮ್ಮ ನಿಲುವಂಗಿಯ ಮಡಿಕೆ ಕೆಡದ ತೋಳನ್ನೊಮ್ಮೆ ನೋಡಿಕೊಂಡರು.

"ನೋಡಪ್ಪ, ಚರ್ಚಿನ ಕ್ಯಾಲೆಂಡರು ಮೇಲಿಂದ ಬರುತ್ತೆ. ಅಡುಗೆಮನೇದು ಅದಕ್ಕೂ ಮೇಲಿಂದ. ನನ್ನ ಕೈಲೇನಿದೆ?" ಅವನು ಏಳುವಾಗ ಮೆಲ್ಲಗೆ ಸೇರಿಸಿದರು, "ಸಂತರು ಹೋಗಿರೋದು ಪಟ್ಟಿಯಿಂದ. ಸ್ವರ್ಗದಿಂದ ಹೋಗಿಲ್ಲ. ನೀನು ಮಾತು ಕೊಟ್ಟಿದ್ದು ಯಾರಿಗೆ?"

ಹೊರಗೆ ಬರುವಾಗ ಬಡಗಿ ಆ ಮೂಲೆಯ ಕಡೆ ನೋಡಲಿಲ್ಲ. ಮುಕ್ಕು ಮೂಗಿನವನು ತನ್ನನ್ನು ನೋಡುತ್ತಿದ್ದಾನೆಂದು ಬೆನ್ನಿಗೆ ಗೊತ್ತಾಯಿತು.

ಮನೆಗೆ ಬಂದವನೇ ಬಾಗಿಲಿಗೆ ಹೊಸ ಕೀಲು ಕೂರಿಸಿದ. ಆರು ವರ್ಷದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಹೆಂಡತಿ ಬಂದು, ಒಳಗೆ ನಿಂತು, ಹಿಟ್ಟಿನ ಡಬ್ಬ ಸರಿಸಿದಳು. ಬಾಗಿಲು ಸದ್ದಿಲ್ಲದೆ ಅವನ ಮುಖದ ಮುಂದೆಯೇ ಮುಚ್ಚಿಕೊಂಡಿತು. ಆಚೆಯಿಂದ ಬಣ್ಣದ ಪೆನ್ಸಿಲ್ ಚೂಪು ಮಾಡುವ ಸದ್ದು ಕೇಳಿಸಿತು.

ಮತ್ತೆ ತೆರೆದಾಗ ಆ ದಿನದ ಚೌಕ ನೇರಳೆಯ ಮೇಲೆ ಕೆಂಪಾಗಿತ್ತು. ಅದರೊಳಗೆ ಹೆಬ್ಬೆರಳಿನ ಉಗುರಿನಷ್ಟೇ ಪುಟ್ಟದಾಗಿ ಮೂಲೆಯ ಸಂತನ ಚಿತ್ರ. ಮೂಗು ಸರಿಯಾಗಿತ್ತು.