ಬೆರಳುದ್ದದ ಆಂಟೆನಾ

ತಾರಸಿಯಲ್ಲಿ ತರಂಗಾಂತರ ಇಲಾಖೆಯ ಅಧಿಕಾರಿ ಉದ್ದನೆಯ ಆಂಟೆನಾಕ್ಕೆ ಕೈಹಾಕಿದ್ದೇ ತಡ, ಕೊರಳಲ್ಲಿ ಟೇಪು ಹಾಕಿಕೊಂಡಿದ್ದ ಟೈಲರಕ್ಕ ಅಡ್ಡ ನಿಂತಳು. ಮೊಬೈಲ್ ಟವರ್ ಕೈಕೊಟ್ಟಾಗಲೆಲ್ಲ ಬೀದಿಯವರ ಸಂದೇಶ ಆಸ್ಪತ್ರೆ ಮುಟ್ಟುತ್ತಿದ್ದುದು ಆ ಆಂಟೆನಾ ಸಿಕ್ಕಿಸಿದ್ದ, ಸಂದೇಶ ಕಳಿಸುವ ಅವಳ ಪುಟ್ಟ ರೇಡಿಯೊದಿಂದಲೇ.

"ರೇಡಿಯೊಗೆ ತಕರಾರಿಲ್ಲಮ್ಮ. ಈ ಆಂಟೆನಾ ಹಾಕಿದ್ಮೇಲೆ ಅದರ ಶಕ್ತಿ ಕಾನೂನಿನ ಮಿತಿ ಮೀರಿದೆ."

"ಕೈ ತೆಗೀರಿ, ನಾನೇ ಬಿಚ್ತೀನಿ." ಬಿಚ್ಚಿ ಅವನ ಕೈಗಿಟ್ಟು, ಆ ಜಾಗಕ್ಕೆ ಬೆರಳುದ್ದದ್ದೊಂದನ್ನು ತಿರುಗಿಸಿ ಕೂರಿಸಿದಳು. "ಈಗ ಅಳೀರಿ."

ಅವನು ಮೀಟರ್ ನೋಡಿ ನಕ್ಕ. "ಮಿತಿಯೊಳಗಿದೆ. ಆದ್ರೆ ಇದರ ಮಾತು ಬೀದಿ ತುದೀನೂ ದಾಟಲ್ಲ."

"ದಾಟೋದು ಬೇಡ." ಅವಳು ಬೀದಿ ತುದಿಯ ತಾರಸಿಯತ್ತ ಕೈ ತೋರಿದಳು. ಅಲ್ಲೊಬ್ಬ ಮುದುಕಿ, ಆಸ್ಪತ್ರೆಯ ದಿಕ್ಕಿಗೆ ಅದರಾಚೆಯ ತಾರಸಿಯಲ್ಲಿ ಇನ್ನೊಬ್ಬರು, ಅಂಥದೇ ರೇಡಿಯೊ ಕಟ್ಟುತ್ತಿದ್ದರು. "ಆ ತುದೀಲಿರೋ ಅಜ್ಜಿ ನಮ್ಮತ್ತೆ. ಅವರ ಕಿವಿಗೆ ಬಿದ್ದ ಮಾತು ಯಾವತ್ತಾದ್ರೂ ಅಲ್ಲೇ ನಿಂತಿದೆಯಾ?"